ಕಾನೂನುಬದ್ಧ ತೆರಿಗೆ ಉಳಿಕೆಯ ನ್ಯಾಯವನ್ನು ತೂಗಿ ನೋಡುವ ಬಗೆ

ಹೆಚ್ಚು ಗಳಿಸುವವರು ಕಾನೂನಿನೊಳಗೇ ಇದ್ದು ತೆರಿಗೆ ತಗ್ಗಿಸಿಕೊಂಡಾಗ ಅದು ನ್ಯಾಯವೇ ಎಂದು ನಿರ್ಣಯಿಸುವ ಮೊದಲು, ಆದಾಯವನ್ನು ಮುಚ್ಚಿಡುವ ವಂಚನೆಯನ್ನು ಬೇರ್ಪಡಿಸಿ. ಅದು ಅಪರಾಧ, ಇಲ್ಲಿ ಅದರ ಚರ್ಚೆಯಿಲ್ಲ.

ಬಳಿಕ, ಆ ರಿಯಾಯಿತಿಯನ್ನು ಶಾಸನಸಭೆ ಉದ್ದೇಶಪೂರ್ವಕವಾಗಿಯೇ ಕೊಟ್ಟಿದೆಯೇ ಎಂದು ಕೇಳಿ. ನಿವೃತ್ತಿಗೆಂದು ಕೂಡಿಟ್ಟ ಹಣಕ್ಕೆ ಸಿಗುವ ವಿನಾಯಿತಿ ಅಂಥದ್ದು. ಅದನ್ನು ಬಳಸಿದವರನ್ನು ದೂರಲಾಗದು.

ತೆರಿಗೆ ಉಳಿಸುವುದರ ಹೊರತು ಬೇರೆ ಉದ್ದೇಶವೇ ಇಲ್ಲದ ವ್ಯವಹಾರಗಳನ್ನು ಮಾತ್ರ ನಿಧಾನವಾಗಿ ಪರಿಶೀಲಿಸಬೇಕು. ತೋಟಗಾರನ ಸಂಬಳವನ್ನು ಕರಾರುಪತ್ರದ ಪಾವತಿಯಾಗಿ ಮಾರ್ಪಡಿಸಿ ತೆರಿಗೆ ಇಳಿಸಿಕೊಂಡ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ಪರವಾಗಿ 1935ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು; ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಗ್ರೆಗರಿ ಪ್ರಕರಣದಲ್ಲಿ, ತೆರಿಗೆ ಉಳಿಸಲೆಂದೇ ಹುಟ್ಟುಹಾಕಿ ಕೆಲವೇ ದಿನಗಳಲ್ಲಿ ಮುಚ್ಚಿದ ಕಂಪನಿಯ ಸೋಗನ್ನು ಒಪ್ಪಲಿಲ್ಲ. ಕಾಗದದ ರೂಪಕ್ಕಿಂತ ವ್ಯವಹಾರದ ತಿರುಳನ್ನು ನೋಡಿದ ಈ ಎರಡನೆಯ ನಿಲುವೇ ನ್ಯಾಯಕ್ಕೆ ಹತ್ತಿರವೆಂದು ನಾನು ದೃಢವಾಗಿ ನಂಬುತ್ತೇನೆ. ಬ್ರಿಟನ್ ಕೂಡ 2013ರಲ್ಲಿ ಇಂಥ ದುರುಪಯೋಗದ ವಿರುದ್ಧ ಸಾಮಾನ್ಯ ನಿಯಮವೊಂದನ್ನು ತಂದಿತು.

ಆ ದಾರಿ ಯಾರಿಗೆ ತೆರೆದಿದೆ ಎಂಬುದನ್ನೂ ಗಮನಿಸಿ. ಸಂಬಳ ಕೈಸೇರುವ ಮೊದಲೇ ತೆರಿಗೆ ಕಡಿತವಾಗುವ ನೌಕರನಿಗೆ ಆದಾಯವನ್ನು ಬಂಡವಾಳ ಗಳಿಕೆಯಾಗಿ (ಆಸ್ತಿ, ಷೇರು ಮಾರಿ ಬಂದ ಲಾಭವಾಗಿ) ಬದಲಿಸಿಕೊಳ್ಳುವ, ಅಥವಾ ಟ್ರಸ್ಟ್ ಒಂದಕ್ಕೆ ವರ್ಗಾಯಿಸುವ ಅವಕಾಶವಾಗಲಿ, ಅದಕ್ಕೆ ಬೇಕಾದ ಪರಿಣತರ ಶುಲ್ಕವನ್ನು ತೆರುವ ಶಕ್ತಿಯಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಹೀಗೆ ತಪ್ಪಿದ ಹೊರೆಯಾದರೋ ಅಂಥವರ ಮೇಲೆಯೇ ಬೀಳಬಹುದು.

ನೀವೇ ಹೆಚ್ಚು ಗಳಿಸುವವರಾಗಿದ್ದರೆ, ಸಹಿ ಹಾಕುವ ಮುನ್ನ ಸಲಹೆಗಾರರನ್ನು ಹೀಗೆ ಕೇಳಿ: ತೆರಿಗೆಯ ಲಾಭವೇ ಇಲ್ಲದಿದ್ದರೂ ಈ ಏರ್ಪಾಡನ್ನು ಮಾಡಿಕೊಳ್ಳುವಂತೆ ನೀವು ನನಗೆ ಹೇಳುತ್ತಿದ್ದಿರಾ?