ಚಿಕನ್‌ಪಾಕ್ಸ್ ಲಸಿಕೆ: ಮಗುವಿಗಷ್ಟೇ ಅಲ್ಲ, ಹೋಟೆಲ್ ರೂಮಿನ ಹುಡುಗರಿಗೂ ಬೇಕು

ಆರು ವರ್ಷದ ಹಿಂದೆ ಒಂದು ಫೆಬ್ರುವರಿಯಲ್ಲಿ ನನ್ನ ತಮ್ಮನಿಗೆ ಚಿಕನ್‌ಪಾಕ್ಸ್ ಬಂತು. ಆಗ ಅವನಿಗೆ 26. ಕುಂದಾಪುರದಿಂದ ಬಂದು ಮುಂಬೈಯ ಅಂಧೇರಿಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಅಡುಗೆಮನೆಯ ಮೇಲಿನ ರೂಮಿನಲ್ಲಿ ಒಂಬತ್ತು ಹುಡುಗರು ಸಾಲಾಗಿ ಚಾಪೆ ಹಾಸಿ ಮಲಗುತ್ತಿದ್ದರು. ಹೊಟ್ಟೆಯ ಮೇಲೆ ನೀರುಗುಳ್ಳೆ ಕಂಡ ದಿನ ಸಂಜೆಯೇ ಅವನನ್ನು ಊರಿನ ಬಸ್ಸು ಹತ್ತಿಸಿದರು. ರಾತ್ರಿಯಿಡೀ ಜ್ವರದಲ್ಲೇ ಪ್ರಯಾಣ. ಎರಡು ವಾರ ಕಳೆಯುವಷ್ಟರಲ್ಲಿ ರೂಮಿನಲ್ಲಿ ಇನ್ನೂ ಮೂವರಿಗೆ ಬಂತು, ಊರಿನಲ್ಲಿ ಅಕ್ಕನ ಮಗಳಿಗೂ ಬಂತು. ತಮ್ಮನಿಗೆ ನ್ಯುಮೋನಿಯಾ ಆಗಿ ಹತ್ತು ದಿನ ಆಸ್ಪತ್ರೆ. ಆ ಬಸ್ಸಿನಲ್ಲಿ ಅವನ ಪಕ್ಕ ಯಾರಿದ್ದರೋ, ಅವರ ಮನೆಯಲ್ಲಿ ಬಸುರಿ ಹೆಂಗಸು ಇದ್ದರೋ ಏನೋ ಎಂದು ಈಗಲೂ ಯೋಚನೆಯಾಗುತ್ತದೆ.

ಇದಕ್ಕೆ ಲಸಿಕೆ ಇದೆ. ಜಪಾನಿನ ಮಿಚಿಯಾಕಿ ತಕಹಾಶಿ ತಮ್ಮ ಪುಟ್ಟ ಮಗ ಈ ರೋಗದಿಂದ ನರಳಿದ್ದನ್ನು ಕಂಡವರು. 1974ರ ಹೊತ್ತಿಗೆ ಅವರು ಲಸಿಕೆ ಸಿದ್ಧಪಡಿಸಿದರು. ನಮ್ಮಲ್ಲೂ ಸಿಗುತ್ತದೆ. ಆದರೆ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿಲ್ಲ, ಖಾಸಗಿ ಕ್ಲಿನಿಕ್‌ಗೇ ಹೋಗಬೇಕು. ಒಂದು ಡೋಸ್‌ಗೆ ಎರಡು ಸಾವಿರದ ಆಸುಪಾಸು ಆಗುತ್ತದೆ. ಮುಂಬೈಯಲ್ಲಿ 'ಕಾಂಜಿಣ್ಯಾಂಚಿ ಲಸ್' ಎಂದು ಕೇಳಿದರೆ ನರ್ಸಿಗೆ ಥಟ್ಟನೆ ತಿಳಿಯುತ್ತದೆ.

ಮೊದಲು ಊರಿಗೆ ಫೋನ್ ಮಾಡಿ

ಮನೆಯಲ್ಲಿ ಯಾರಿಗೆ ಆಗಿದೆ, ಯಾರಿಗೆ ಆಗಿಲ್ಲ ಅಂತ ಗೊತ್ತಾಗಬೇಕು. "ಅಮ್ಮಾ, ಸಣ್ಣವನಿದ್ದಾಗ ನಂಗೆ ಸೀತಾಳೆ ಸಿಡುಬು ಆಗಿತ್ತಾ?" ಎಂದು ಕೇಳಿ. 'ಅಮ್ಮ ಬಂದಿತ್ತು' ಎಂಬ ಉತ್ತರಕ್ಕೆ ನಿಲ್ಲಬೇಡಿ, ದಡಾರಕ್ಕೂ ಹಾಗೇ ಹೇಳುತ್ತಾರೆ. ನೀರು ತುಂಬಿದ ಗುಳ್ಳೆ ಇತ್ತಾ, ತುರಿಕೆ ಇತ್ತಾ ಎಂದು ಕೇಳಿ. ಹಿರಿಯರು ತೋಳಿನ ದೊಡ್ಡ ಕಲೆ ತೋರಿಸಿ "ನಂಗೆ ಚುಚ್ಚಿದ್ದಾರೆ" ಅನ್ನುವುದುಂಟು. ಅದು ದೊಡ್ಡ ಸಿಡುಬಿನ ಲಸಿಕೆಯದ್ದು. ಆ ರೋಗ 1980ರ ಹೊತ್ತಿಗೆ ಜಗತ್ತಿನಿಂದಲೇ ಹೋಯಿತು. ಚಿಕನ್‌ಪಾಕ್ಸ್‌ನ ವೈರಸ್ಸೇ ಬೇರೆ, ಆ ಕಲೆ ಇದನ್ನು ತಡೆಯುವುದಿಲ್ಲ.

ಗೊತ್ತೇ ಆಗದಿದ್ದರೆ ರಕ್ತ ಪರೀಕ್ಷೆ ಮಾಡಿಸಬಹುದು. ಪರೀಕ್ಷೆ ಮಾಡಿಸದೆ ಲಸಿಕೆ ಹಾಕಿಸಿಕೊಂಡರೂ ಸರಿ. ಹಿಂದೆ ರೋಗ ಬಂದವರಿಗೆ ಇದರಿಂದ ಹಾನಿಯಿಲ್ಲ.

ಯಾರಿಗೆ ಹಾಕಬಾರದು

ಇದು ಜೀವಂತ ವೈರಸ್ಸನ್ನು ಸೊರಗಿಸಿ ಮಾಡಿದ ಲಸಿಕೆ. ಬಸುರಿಯರು ಹಾಕಿಸಿಕೊಳ್ಳಬಾರದು. ಹಾಕಿಸಿಕೊಂಡ ಮೇಲೆ ಕನಿಷ್ಠ ಒಂದು ತಿಂಗಳು ಬಸುರಾಗಬಾರದು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಸ್ಟೆರಾಯ್ಡ್ ಜಾಸ್ತಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ಮುಂಬೈಯ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ಸುತ್ತಮುತ್ತ ಓಡಾಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಮಾಸ್ಕ್ ಹಾಕಿಕೊಂಡ, ತಲೆಗೂದಲು ಉದುರಿದ ಮಕ್ಕಳು ಅಪ್ಪ-ಅಮ್ಮನ ಕೈ ಹಿಡಿದು ಹೋಗುತ್ತಿರುತ್ತಾರೆ. ನಮ್ಮ ಕಡೆಯಿಂದ ಬಂದವರೂ ಅವರಲ್ಲಿದ್ದಾರೆ. ಆ ಮಕ್ಕಳಿಗೆ ಈ ಲಸಿಕೆ ಹಾಕುವ ಹಾಗಿಲ್ಲ, ರೋಗ ತಗುಲಿದರೆ ಜೀವಕ್ಕೇ ಅಪಾಯ. ನಾವು ಹತ್ತುವ ಲೋಕಲ್ ರೈಲನ್ನೇ ಅವರೂ ಹತ್ತುತ್ತಾರೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ, ಏನೂ ಗೊತ್ತಾಗದ ಹೊತ್ತಿನಲ್ಲೇ, ರೋಗ ಹರಡಲು ಶುರುವಾಗಿರುತ್ತದೆ. ಹಾಗಾಗಿ ಆ ಮಕ್ಕಳನ್ನು ಕಾಯಬೇಕಾದವರು ಸುತ್ತ ಇರುವ ನಾವೇ.

ಎಷ್ಟು ಡೋಸ್, ಯಾವಾಗ

ಮಗುವಿಗೆ 15 ತಿಂಗಳಿಗೆ ಒಂದು, ಅದಾಗಿ 3ರಿಂದ 6 ತಿಂಗಳಿಗೆ ಇನ್ನೊಂದು. ತಪ್ಪಿಹೋಗಿದ್ದರೆ ಶಾಲೆಗೆ ಸೇರಿಸುವಾಗಲಾದರೂ ಹಾಕಿಸಿ. 13 ದಾಟಿದವರಿಗೆ 4ರಿಂದ 8 ವಾರದ ಅಂತರದಲ್ಲಿ ಎರಡು. ಒಂದಕ್ಕೇ ಬಿಟ್ಟರೆ ಸಾಲದು. ಎರಡೂ ಆದರೆ ರೋಗ ತಡೆಯುವ ಶಕ್ತಿ ನೂರಕ್ಕೆ 90 ದಾಟುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಸ್ವಲ್ಪವೇ ಮಕ್ಕಳಿಗೆ ಹಾಕಿ ಬಿಟ್ಟರೆ ರೋಗದ ಓಡಾಟ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಆಗ ಉಳಿದವರಿಗೆ ಅದು ದೊಡ್ಡವರಾದ ಮೇಲೆ ಬರುತ್ತದೆ. ದೊಡ್ಡವರಿಗೆ ಬಂದರೆ ಕಷ್ಟ ಜಾಸ್ತಿ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ, ಈ ಲಸಿಕೆಯನ್ನು ದೇಶದ ಕಾರ್ಯಕ್ರಮಕ್ಕೆ ಸೇರಿಸುವುದಾದರೆ ನೂರಕ್ಕೆ 80 ಮಕ್ಕಳನ್ನಾದರೂ ಮುಟ್ಟಬೇಕು ಎಂದಿತು.

ಕ್ಲಿನಿಕ್‌ನಲ್ಲಿ

ಸಣ್ಣ ಬಾಟಲಿಯಲ್ಲಿ ಒಣ ಪುಡಿ ಇರುತ್ತದೆ. ಜೊತೆಗೆ ಬಂದ ದ್ರಾವಣ ಸೇರಿಸಿ ಮೆಲ್ಲಗೆ ಅಲ್ಲಾಡಿಸಿ ಕರಗಿಸುತ್ತಾರೆ. ಬೆರೆಸಿದ್ದನ್ನು ಅರ್ಧ ಗಂಟೆಯೊಳಗೆ ಚುಚ್ಚಬೇಕು. ನಿಮ್ಮ ಎದುರಿಗೇ ಫ್ರಿಜ್ಜಿನಿಂದ ತೆಗೆದು ಬೆರೆಸಲು ಹೇಳಿ, ಎಕ್ಸ್‌ಪೈರಿ ದಿನಾಂಕ ನೋಡಿ. ಕೇಳಲು ಸಂಕೋಚ ಬೇಡ. ಹಾಕಿದ ಮೇಲೆ 15 ನಿಮಿಷ ಅಲ್ಲೇ ಕೂತಿರಿ.

ತೋಳು ನೋಯಬಹುದು, ಸಣ್ಣ ಜ್ವರ ಬರಬಹುದು. ಕೆಲವರಿಗೆ ನಾಲ್ಕಾರು ಗುಳ್ಳೆ ಏಳುತ್ತವೆ, ಅವನ್ನು ಬಟ್ಟೆಯಿಂದ ಮುಚ್ಚಿಕೊಂಡರೆ ಸಾಕು. ಮಕ್ಕಳಿಗೆ ಆರು ವಾರ ಆಸ್ಪಿರಿನ್ ಕೊಡಬೇಡಿ.

ರೂಮಿನಲ್ಲಿ ಒಬ್ಬನಿಗೆ ಬಂದೇ ಬಿಟ್ಟರೆ

ದಯವಿಟ್ಟು ಅವನನ್ನು ಬಸ್ಸು ಹತ್ತಿಸಬೇಡಿ. ಬೇರೆ ಕೋಣೆ ಕೊಡಿ, ಊಟ ಅಲ್ಲಿಗೇ ಹೋಗಲಿ. ಆಗಲೇ ರೋಗ ಬಂದು ಹೋದವರೊಬ್ಬರು ನೋಡಿಕೊಳ್ಳಲಿ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಕೆಲಸಕ್ಕೆ ಬೇಡ. ಮೊದಲ ದಿನವೇ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಗುಳ್ಳೆ ಎದ್ದ 24 ಗಂಟೆಯೊಳಗೆ ಡಾಕ್ಟರು ಕೊಡುವ, ವೈರಸ್ ತಡೆಯುವ ಮಾತ್ರೆ ಶುರುವಾದರೆ ಗುಣ ಜಾಸ್ತಿ. ಹಾಸಿಗೆಯಲ್ಲಿ ಬೇವಿನ ಸೊಪ್ಪು ಇಡಿ, ಅಮ್ಮನಿಗೆ ಹರಕೆ ಹೇಳಿಕೊಳ್ಳಿ, ಮಾತ್ರೆ ಮಾತ್ರ ತಪ್ಪಿಸಬೇಡಿ.

ಉಳಿದ ಹುಡುಗರಿಗೆ ಮೂರು ದಿನದೊಳಗೆ ಲಸಿಕೆ ಹಾಕಿಸಿ. ಐದು ದಿನದವರೆಗೂ ಉಪಯೋಗವಾಗಬಹುದು. ಎಂಟು ಹುಡುಗರ ಮೊದಲ ಡೋಸ್‌ಗೆ ಹದಿನಾರು ಸಾವಿರದ ಹತ್ತಿರ ಬರುತ್ತದೆ ಎಂದು ಮಾಲೀಕರಿಗೆ ಅನಿಸಬಹುದು. ತಮ್ಮನ ಹೋಟೆಲಿನಲ್ಲಿ ನಾಲ್ವರು ಒಟ್ಟಿಗೆ ಮಲಗಿದಾಗ ಅಡುಗೆಮನೆ ನಡೆಸಿದ್ದು ಹೇಗೆ ಅಂತ ಅಲ್ಲಿಯ ಭಟ್ಟರನ್ನು ಕೇಳಬೇಕು. ಈಗ ಅಲ್ಲಿ ಊರಿನಿಂದ ಹೊಸ ಹುಡುಗ ಬಂದರೆ ಮೊದಲ ವಾರದಲ್ಲೇ ಲಸಿಕೆ ಹಾಕಿಸುತ್ತಾರೆ. ಎರಡನೇ ಡೋಸ್‌ನ ದಿನಾಂಕವನ್ನು ಹಾಲಿನ ಲೆಕ್ಕದ ಪಕ್ಕದಲ್ಲೇ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ.