ರೆಕಾರ್ಡಿಂಗ್‌ನ ಸದ್ದು ಹದಕ್ಕೆ ತರೋದು ಹೇಗೆ?

ಮಂಡ್ಯದ ಕಬ್ಬಿನ ಗದ್ದೆಯಲ್ಲಿ ರೈತರನ್ನು ಮಾತಾಡಿಸಿ ಯೂಟ್ಯೂಬ್‌ಗೆ ಹಾಕುವವರಿಗೂ, ಮೈಸೂರಿನ ಗಣೇಶೋತ್ಸವದ ಸಂಗೀತ ಕಛೇರಿಗಳನ್ನು ರೆಕಾರ್ಡ್ ಮಾಡುವವರಿಗೂ ಬರುವ ದೂರು ಒಂದೇ: ಸೌಂಡ್ ಸಾಲದು. ಆಡಿಯೊ ಎಡಿಟರ್ ತೆರೆದು ನೋಡಿದರೆ ಪೀಕ್ ಆಗಲೇ 0 ಡಿಬಿ (ಡೆಸಿಬೆಲ್) ಹತ್ತಿರ, ಅಂದರೆ ಗರಿಷ್ಠ ಮಿತಿಯ ಹತ್ತಿರ ಇರುತ್ತದೆ. ಇನ್ನೇನು ಏರಿಸೋದು?

ಪೀಕ್ ನೋಡೋದನ್ನು ಮೊದಲು ಬಿಡಿ. ಅದು ಒಂದು ಕ್ಷಣದ ಎತ್ತರ ಅಷ್ಟೆ. ಮೃದಂಗದ ಒಂದು ಪೆಟ್ಟು ಅಲ್ಲಿಗೆ ಮುಟ್ಟಿಬಿಡುತ್ತದೆ, ಹಾಡುವವರ ದನಿ ಮಾತ್ರ ಕೆಳಗೇ ಉಳಿದಿರುತ್ತದೆ. ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಅಂತ ಅಳೆಯೋಕೆ ಇರೋದು ಲಫ್ಸ್ (LUFS) ಅನ್ನೋ ಅಳತೆ; ಅಂಕಿ ಸೊನ್ನೆಗೆ ಹತ್ತಿರ ಬಂದಷ್ಟೂ ಸದ್ದು ಜೋರು. ಇದರ ಬೇರು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) 2006ರಲ್ಲಿ ತಂದ ಬಿಎಸ್ 1770 ಮಾನದಂಡ. ತೀರಾ ತಗ್ಗಿನ ಗುಡುಗು ಸದ್ದಿಗೆ ಇಲ್ಲಿ ತೂಕ ಕಡಿಮೆ, ಮಾತಿನ ನಡುವಿನ ಮೌನ ಲೆಕ್ಕಕ್ಕೇ ಬರೋದಿಲ್ಲ.

ಲಫ್ಸ್ ಅಳೆಯುವ ಯೂಲೀನ್‌ನ (Youlean) ಉಚಿತ ಮೀಟರ್ ಹಾಕಿಕೊಂಡು ಇಡೀ ಫೈಲನ್ನು ಮೊದಲಿಂದ ಕೊನೆವರೆಗೆ ಓಡಿಸಿ, 'ಇಂಟಿಗ್ರೇಟೆಡ್' ಅಂತ ಇರುವ ಅಂಕಿ ನೋಡಿ, ಇಡೀ ಫೈಲಿನ ಒಟ್ಟು ಜೋರು ಅದು. ಯುರೋಪಿನ ಟಿವಿಗೆ ಗುರಿ -23, ಅಮೆರಿಕದ ಟಿವಿಗೆ -24. ಆ್ಯಪಲ್ ಪಾಡ್‌ಕಾಸ್ಟ್ -16 ಕೇಳುತ್ತದೆ, ಯೂಟ್ಯೂಬ್ ಮತ್ತು ಸ್ಪಾಟಿಫೈ -14ರ ಆಸುಪಾಸು. ನಿಮ್ಮದು -21 ಬಂತು, -16 ಬೇಕು ಅಂದರೆ 5 ಡಿಬಿ ಏರಿಸಬೇಕು. ಲೆಕ್ಕ ಇಷ್ಟೇ.

ಆದರೆ ಏರಿಸುವ ಮೊದಲು ಒಳಗಿನ ಏರುಪೇರು ಸರಿಮಾಡಿ, ನಿಜವಾದ ಕೆಲಸ ಇರೋದೇ ಇಲ್ಲಿ. ಪ್ರಶ್ನೆ ಕೇಳುವವರ ಬಾಯಿ ಹತ್ತಿರ ಮೈಕ್ ಇದ್ದು, ಉತ್ತರ ಹೇಳುವ ರೈತರು ಎರಡು ಮಾರು ದೂರ ನಿಂತಿದ್ದರೆ ಒಟ್ಟು ಅಂಕಿ -16 ಬಂದರೂ ಕೇಳೋರು ವಾಲ್ಯೂಮ್ ಬಟನ್ ಒತ್ತುತ್ತಲೇ ಇರಬೇಕು. ಹಾಗಾಗಿ ಇಬ್ಬರ ಮಾತನ್ನೂ ತುಂಡು ತುಂಡಾಗಿ ಆರಿಸಿ ಸಮಕ್ಕೆ ತನ್ನಿ. ಬೇಜಾರಿನ ಕೆಲಸ ನಿಜ, ಆದರೆ ಆ ರೈತರ ಮಾತು ಕೇಳಿಸಲಿ ಅಂತ ತಾನೇ ವಿಡಿಯೊ ಮಾಡಿದ್ದು?

ಆಮೇಲೆ ಉಚಿತ ಆಡಿಯೊ ಎಡಿಟರ್ ಆದ ಆಡಾಸಿಟಿಯ 'ಲೌಡ್‌ನೆಸ್ ನಾರ್ಮಲೈಸೇಷನ್' ಹಾಕಿ. ಅದರಲ್ಲಿ ಮೊದಲೇ -23 ಇರುತ್ತದೆ, ಬದಲಿಸಿಕೊಳ್ಳಿ. ಇದು ಪೀಕ್ ತಡೆಯೋದಿಲ್ಲ, ಅದಕ್ಕೆ ಮಿತಿ ದಾಟುವ ಸದ್ದನ್ನು ಅದುಮುವ ಲಿಮಿಟರ್ ಬೇರೆ ಬೇಕು. ಟ್ರೂ ಪೀಕ್, ಅಂದರೆ ಸದ್ದಿನ ಅಲೆ ನಿಜವಾಗಿ ಮುಟ್ಟುವ ಎತ್ತರ, -1 ಡಿಬಿ ದಾಟಬಾರದು.

ಕಛೇರಿಯಾದರೆ ಲಿಮಿಟರ್‌ನಿಂದ ಜಾಸ್ತಿ ಹಿಂಡಬೇಡಿ, ಮೃದಂಗದ ಜೀವವೇ ಹೋಗುತ್ತದೆ. -18ಕ್ಕೆ ನಿಂತರೂ ಅಡ್ಡಿಯಿಲ್ಲ ಅನ್ನೋದು ನನ್ನ ಅಭಿಪ್ರಾಯ. ಜೋರಾದದ್ದನ್ನು ಯೂಟ್ಯೂಬ್ ತಾನೇ ತಗ್ಗಿಸುತ್ತದೆ, ಸುಮ್ನೆ ಹಿಂಡಿ -8ಕ್ಕೆ ಒಯ್ದರೆ ಲಾಭ ಏನೂ ಇಲ್ಲ. ಎಂಪಿ3 ಮಾಡಿದ ಮೇಲೆ ಪೀಕ್ ಸ್ವಲ್ಪ ಏರಬಹುದು, ಅದಕ್ಕೆ ಕೊನೇ ಫೈಲನ್ನೂ ಒಮ್ಮೆ ಮೀಟರ್‌ಗೆ ಕೊಟ್ಟು ನೋಡಿಯೇ ಅಪ್‌ಲೋಡ್ ಮಾಡಿ.