ಸಿಮೆಂಟ್ ಕಿತ್ತು ಸುಣ್ಣ ಹಚ್ಚಿದ ಹಳ್ಳಿ ಪಬ್

ಇಂಗ್ಲೆಂಡಿನ ಸಫೋಕ್‌ನಲ್ಲಿ ಒಂದು ಹಳ್ಳಿ ಪಬ್ಬಿನ ದುರಸ್ತಿ ನನ್ನ ಕೈಗೆ ಬಂದಾಗ ಮಾಲೀಕರ ದೂರು ಒಂದೇ: ಗೋಡೆ ಯಾವಾಗಲೂ ತೇವ. ಓಕ್ ಮರದ ಚೌಕಟ್ಟು, ನಡುವೆ ಹೇಜಲ್ ಕಡ್ಡಿ ಹೆಣೆದು ಮಣ್ಣು, ಸಗಣಿ, ಹುಲ್ಲು ಕಲಸಿ ಮೆತ್ತಿದ ಗೋಡೆ. ಅದರ ಮೇಲೆ ಕಳೆದ ಶತಮಾನದಲ್ಲಿ ಯಾರೋ ಸಿಮೆಂಟ್ ಬಳಿದಿದ್ದರು. ಕಾಯಿಲೆ ಅಲ್ಲೇ ಇತ್ತು.

ಮರ ಹವೆಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಸಿಮೆಂಟ್ ಬಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಒಳಗೆ ಹೋದ ಮಳೆನೀರಿಗೆ ಹೊರಗೆ ಬರಲು ದಾರಿಯೇ ಇಲ್ಲ.

ಕಟ್ಟಡ ಗ್ರೇಡ್ 2 ಪಟ್ಟಿಯಲ್ಲಿತ್ತು, ಅಂದರೆ ಕಾನೂನಿನ ರಕ್ಷಣೆಯಿರುವ ಪಾರಂಪರಿಕ ಕಟ್ಟಡ. ಕೌನ್ಸಿಲ್ ಒಪ್ಪಿಗೆ ಇಲ್ಲದೆ ಅದರ ಸ್ವರೂಪ ಬದಲಿಸಿದರೆ ಅಪರಾಧ. ಒಪ್ಪಿಗೆ ಬಂದ ಮೇಲೆ ಸಿಮೆಂಟನ್ನು ಉಳಿ, ಸುತ್ತಿಗೆಯಿಂದಲೇ ತೆಗೆಸಿದೆ. ಮೆಷಿನ್ ಇಟ್ಟರೆ ಆ ನಡುಕಕ್ಕೆ ಮಣ್ಣೆಲ್ಲ ಉದುರುತ್ತದೆ. ನೆಲಕ್ಕೆ ತಾಗಿದ ಅಡಿತೊಲೆ ಒಂದು ಮೂಲೆಯಲ್ಲಿ ಎಷ್ಟು ಲಡ್ಡಾಗಿತ್ತೆಂದರೆ ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿಯಿತು. ಕೊಳೆತಷ್ಟನ್ನೇ ಕೊಯ್ದು ಹೊಸ ಓಕ್ ಕೂಡಿಸಿ ಮರದ ಗೂಟ ಹೊಡೆದೆವು. ಓಕ್‌ನ ಒಗರು ಸಾದಾ ಕಬ್ಬಿಣವನ್ನು ತಿಂದುಹಾಕುತ್ತದೆ. ಹೊಸ ಮರಕ್ಕೆ ಬಣ್ಣ ಹಾಕಿ ಹಳೆಯದರಂತೆ ತೋರಿಸಲು ನಾನು ಒಪ್ಪಲಿಲ್ಲ. ಯಾವುದು ಹೊಸದು ಅಂತ ನೋಡಿದವರಿಗೆ ಗೊತ್ತಾಗಬೇಕು, ಅಲ್ವಾ?

ಕೀಲುಗಳಲ್ಲಿ ಬಡಗಿಗಳು ಉಳಿಯಿಂದ ಕೊರೆದ ರೋಮನ್ ಅಂಕಿಗಳು ಸಿಕ್ಕವು. ನಾಲ್ಕಕ್ಕೆ ನಾಲ್ಕು ಗೀಟು. ಆಗೆಲ್ಲ ಚೌಕಟ್ಟನ್ನು ನೆಲದ ಮೇಲೆ ಜೋಡಿಸಿ, ಗುರುತು ಹಾಕಿ, ಬಿಚ್ಚಿ, ಆಮೇಲೆ ಎತ್ತಿ ನಿಲ್ಲಿಸುತ್ತಿದ್ದರು. ಎರಡು ಮರದ ಅಂಕಿ ಹೊಂದದಿದ್ದರೆ, ಯಾವುದೋ ತುಂಡು ಆಮೇಲೆ ಬಂದಿದೆ ಅಂತ ಅನುಮಾನ ಪಡಬೇಕು. ನನಗಂತೂ ನಕ್ಷೆಗಿಂತ ಈ ಗೀಟುಗಳ ಮೇಲೇ ನಂಬಿಕೆ ಜಾಸ್ತಿ.

ದೊಡ್ಡ ಒಲೆಗೂಡಿನ ಮೇಲಿನ ತೊಲೆಯಲ್ಲಿ ಕಣ್ಣೀರ ಹನಿಯಂಥ ಸುಟ್ಟ ಕಲೆಗಳಿದ್ದವು. ಮೇಣದಬತ್ತಿಯನ್ನು ಓರೆಯಾಗಿ ತುಂಬ ಹೊತ್ತು ಹಿಡಿದರಷ್ಟೇ ಅಂಥ ಕಲೆ ಬೀಳುತ್ತದೆ. ಬೆಂಕಿ, ಕೆಡುಕು ತಟ್ಟದಿರಲಿ ಎಂದು ಬೇಕಂತಲೇ ಸುಟ್ಟಿದ್ದು ಎಂಬುದು ಹಲವು ತಜ್ಞರ ಅಭಿಪ್ರಾಯ. ಮಾಲೀಕರು ಉಜ್ಜಿ ಪಾಲಿಶ್ ಮಾಡಿಸೋಣ ಅಂದರು. ಬೇಡವೇ ಬೇಡ ಅಂದೆ. ಮೆತ್ತನೆ ಬ್ರಷ್‌ನಿಂದ ಧೂಳು ಒರೆಸಿ ಬಿಟ್ಟೆವು.

ಗೋಡೆಗೆ ಮೇಕೆ ಕೂದಲು ಬೆರೆಸಿದ ಸುಣ್ಣದ ಗಾರೆ, ಅದು ಸಿಮೆಂಟಿನಂತೆ ತೇವವನ್ನು ಒಳಗೇ ಕಟ್ಟಿಹಾಕುವುದಿಲ್ಲ. ತೆಳುವಾಗಿ ಒಂದೊಂದೇ ಕೋಟ್ ಹಾಕಿ, ಬೇಗ ಒಣಗದಂತೆ ಒದ್ದೆ ಗೋಣಿ ಇಳಿಬಿಟ್ಟೆವು. ಚಳಿ 5 ಡಿಗ್ರಿಗಿಂತ ಕೆಳಗಿಳಿದರೆ ಸುಣ್ಣ ಸರಿಯಾಗಿ ಗಟ್ಟಿಯಾಗುವುದಿಲ್ಲ. "ಸ್ವಲ್ಪ ಸಿಮೆಂಟ್ ಬೆರೆಸಿದರೆ ಬೇಗ ಮುಗಿಯುತ್ತಲ್ಲ" ಎಂಬ ಮಾತು ಬಂತು. ನಾನು ಬಗ್ಗಲಿಲ್ಲ. ವಸಂತದವರೆಗೂ ಕಾದೆವು. ಮೇಲೆ ಬರೀ ಸುಣ್ಣ ಬಳಿದದ್ದು. ಮುಂದೆಯೂ ಪ್ಲಾಸ್ಟಿಕ್ ಪೇಂಟ್ ತಾಗಿಸಬೇಡಿ ಅಂತ ಮಾಲೀಕರಿಗೆ ಬರೆದೇ ಕೊಟ್ಟಿದ್ದೇನೆ.